ಮಾವನವರ ಫಿಯೆಟ್ಟು, ಮೇಸ್ತ್ರಿಯ ಪಟ್ಟು

ಹೊಲಿಯಲು ಕೊಟ್ಟ ರವಿಕೆ ಹಬ್ಬದ ಹಿಂದಿನ ದಿನ ಕೈಗೆ ಬಂದು, ತೋಳು ಬಿಗಿ, ಕುತ್ತಿಗೆ ಸಡಿಲ ಎಂದು ದರ್ಜಿಯೊಡನೆ ವಾದ ಮಾಡದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ ಹೇಳಿ? "ಅಳತೆ ನೀವೇ ಕೊಟ್ಟಿದ್ದಲ್ಲವಾ ಅಮ್ಮಾ" ಎಂದು ಅವನು, "ನಾನು ಹಾಗೆ ಹೇಳೇ ಇಲ್ಲ" ಎಂದು ನಾವು. ರವಿಕೆಯ ಜಗಳವಾದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿದುಹೋಗುತ್ತದೆ. ಅದೇ ಜಗಳ ಒಂದು ಹಳೇ ಕಾರಿನ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಹದಿನಾಲ್ಕು ತಿಂಗಳು ಕಂಡಿದ್ದೇನೆ. ನಿಮಗೂ ಉಪಯೋಗಕ್ಕೆ ಬಂದೀತು, ಕೇಳಿ.

ನಮ್ಮ ಮಾವನವರು 1978ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಕೊಂಡಿದ್ದರು. ಹೆಸರು ಪದ್ಮಿನಿಯಾದರೂ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ಆಗೆಲ್ಲ ದುಡ್ಡಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದುಗಡೆ ಬೆಂಚಿನಂಥ ಉದ್ದನೆ ಸೀಟು. ಮಾವ ಓಡಿಸುತ್ತಿದ್ದರೆ ಅತ್ತೆ ಪಕ್ಕದಲ್ಲಿ, ಅವರ ತೊಡೆಯ ಮೇಲೊಂದು ಮಗು, ಹಿಂದೆ ಐದಾರು ಜನ! ಮಾವ ತೀರಿಕೊಂಡ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಅದರ ಮೇಲೆ ತೆಂಗಿನ ಗರಿ, ಹಳೇ ಗೋಣಿಚೀಲ. ಒಮ್ಮೆ ಬೆಕ್ಕು ಅದರೊಳಗೇ ಮರಿ ಹಾಕಿತ್ತು.

ನಮ್ಮವರು ನಿವೃತ್ತರಾದರು ನೋಡಿ, ಆಗ ಶುರುವಾಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವು ಎಂಬ ಸುದ್ದಿ ಓದಿದಾಗಲೇ ಇವರ ಕಣ್ಣು ತೇವವಾಗಿತ್ತು. "ಅಪ್ಪನ ಗಾಡೀನ ಮೊದಲಿನ ಹಾಗೆ ಮಾಡಿಸ್ತೀನಿ ಕಣೇ. ಅಮ್ಮನ್ನ ಅದರಲ್ಲೇ ಕೂರಿಸಿಕೊಂಡು ಮನೆದೇವರಿಗೆ ಹೋಗಿ ಬರೋಣ" ಎಂದರು. ಅತ್ತೆಗೆ ಎಂಬತ್ತನಾಲ್ಕು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಪಕ್ಕದೂರಿನಲ್ಲಿ ಹಳೇ ಗಾಡಿಗಳನ್ನೇ ಸರಿಮಾಡುವ ಒಬ್ಬ ಮೇಸ್ತ್ರಿ ಇದ್ದಾರೆ. ಕೈಗುಣ ಒಳ್ಳೆಯದು ಎಂದು ಹೆಸರು. ಗಾಡಿಯನ್ನು ಸುತ್ತು ಹಾಕಿ ನೋಡಿ, "ಒಂದು ಎಂಬತ್ತು ಆಗಬಹುದು ಸಾರ್, ದಸರೆಗೆ ಕೊಡ್ತೀನಿ" ಎಂದರು. ಒಂದು ಲಕ್ಷ ಎಂಬತ್ತು ಸಾವಿರ. ಬಾಯಿಮಾತಿನಲ್ಲೇ ಒಪ್ಪಂದ, ಒಂದು ಚೀಟಿಯೂ ಇಲ್ಲ. ಯುಗಾದಿಗೆ ಮುಂಚೆ ಗಾಡಿ ಹೋಯಿತು.

ಹಳೇ ಕಾರಿನ ಕೆಲಸ ಹಳೇ ಮನೆ ರಿಪೇರಿಯ ಹಾಗೆ. ಒಂದು ಹೆಂಚು ತೆಗೆದರೆ ಕೆಳಗಿನ ರೀಪು ಮುರಿದಿರುತ್ತದೆ, ರೀಪು ಮುಟ್ಟಿದರೆ ತೊಲೆಗೇ ಗೆದ್ದಲು. ಬಣ್ಣ ಕೆರೆದ ಮೇಲೇ ತುಕ್ಕು ಕಾಣುವುದು. ಕಾಲಿಡುವ ಕಡೆಯ ಮ್ಯಾಟು ಎತ್ತಿದರೆ ತಗಡು ಜರಡಿಯಾಗಿತ್ತು. ಈ ಕಾರು ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಸಾಮಾನು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು, ಅಲ್ಲಿಲ್ಲದಿದ್ದರೆ ಮುಂಬಯಿಯ ಕುರ್ಲಾದಿಂದ ತರಿಸಬೇಕು. ದಸರೆ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು.

ನಮ್ಮವರಾದರೂ ಸುಮ್ಮನಿದ್ದರೇ? ದಿನಾ ಹನ್ನೊಂದಕ್ಕೆ ಗ್ಯಾರೇಜಿನಲ್ಲಿ ಹಾಜರು. "ಆ ಬೋಲ್ಟು ಹಳೇದಲ್ಲ", "ಈ ಗಾಜಿನ ರಬ್ಬರು ದಪ್ಪ", "ಹಾರ್ನಿನ ಸ್ವರ ಬೇರೆ"! ಬಣ್ಣ ಹೊಡೆದು ಒಣಗಿದ ಮೇಲೆ, "ಇದು ಅಪ್ಪನ ಗಾಡಿ ಬಣ್ಣ ಅಲ್ಲ. ನಂಗೆ ಚೆನ್ನಾಗಿ ನೆನಪಿದೆ, ಇನ್ನೂ ಕೆನೆ ಕೆನೆ ಇತ್ತು" ಎಂದು ಪಟ್ಟು ಹಿಡಿದು ಮತ್ತೆ ಹೊಡೆಸಿದರು. ಮೇಸ್ತ್ರಿಯ ಮುಖ ಹೇಗಾಗಿರಬೇಕು, ನೀವೇ ಊಹಿಸಿ.

ಕೊನೆಗೆ ಬಿಲ್ಲು ಬಂತು: ಎರಡು ಲಕ್ಷ ಎಂಬತ್ತಾರು ಸಾವಿರ! ಹೆಚ್ಚಿನ 1,06,000ದ ಬಾಬತ್ತು ಹೀಗಿತ್ತು: ತಳದ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದಿದ್ದು 42,000, ಎರಡನೇ ಸಲ ಬಣ್ಣ 34,000, ಬಂಪರು ಮುಂತಾದವಕ್ಕೆ ಕ್ರೋಮ್ ಹೊಳಪು 18,000, ಸೀಟಿಗೆ ಹೊಸ ರೆಕ್ಸಿನ್ 12,000. ನಾವು ಕೊಟ್ಟಿದ್ದು 1,80,000 ಎಂದು ಇವರು. ಬಂದಿದ್ದು 1,65,000 ಎಂದು ಅವರು. ಹದಿನೈದು ಸಾವಿರ ನಗದಿಗೆ ರಸೀದಿಯೇ ಇಲ್ಲ. ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ!

ಅದರ ಮೇಲೆ ಇವರು ನಮ್ಮ ಫ್ರಿಜ್ಜಿನ ಬಾಗಿಲ ಆಯಸ್ಕಾಂತ ಕಿತ್ತುಕೊಂಡು ಹೋಗಿ ಗಾಡಿಗೆಲ್ಲ ಅಂಟಿಸಿ ನೋಡಿದರು. ತಗಡಿನ ಮೇಲೆ ತೆಳ್ಳಗೆ ಬಣ್ಣವಿದ್ದರೆ ಅದು ಕಚ್ಚಿಕೊಳ್ಳುತ್ತದೆ. ಕೆಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಎಡಗಡೆ ಹಿಂದಿನ ಬಾಗಿಲಲ್ಲಿ ಟಪ್ಪನೆ ಬಿತ್ತು. "ತಗಡು ಹಾಕಿದೀನಿ ಅಂತ ದುಡ್ಡು ತಗೊಂಡು ಪುಟ್ಟಿ ಮೆತ್ತಿದೀಯಲ್ಲಯ್ಯ!" ಎಂದು ಇವರು ಕೂಗಾಡಿದರು. "ಬಾಕಿ ಕೊಟ್ಟು ಗಾಡಿ ತಗೊಂಡ್ಹೋಗಿ" ಎಂದು ಮೇಸ್ತ್ರಿ ಬಾಗಿಲೆಳೆದರು. ಮಾತು ನಿಂತಿತು. ಮನೆಯಲ್ಲಿ ಅತ್ತೆ ಮಾತ್ರ ದಿನಾ ಸಂಜೆ, "ಗಾಡಿ ಬಂತೇನೇ?" ಎಂದು ಕೇಳುತ್ತಿದ್ದರು. ಆ ಚಳಿಗಾಲದಲ್ಲಿ ಅವರು ಎರಡು ಸಲ ಹಾಸಿಗೆ ಹಿಡಿದೆದ್ದಿದ್ದರು. ನನ್ನೆದೆ ಧಸಕ್ಕೆನ್ನುತ್ತಿತ್ತು.

ನನ್ನ ತಮ್ಮ ವಕೀಲ. ಇವರು ಅವನನ್ನು ಕರೆಸಿದರು. ಅವನು ಕಾಫಿ ಕುಡಿಯುತ್ತಾ ನಿಧಾನವಾಗಿ ಹೇಳಿದ: "ಭಾವ, 1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಒಪ್ಪಿದ ಕೆಲಸ ಸರಿಯಾಗಿ ಮಾಡಿದವನು ಕೂಲಿ ಬರುವ ತನಕ ವಸ್ತು ಇಟ್ಟುಕೊಳ್ಳಬಹುದು. ಬೇರೆ ಕರಾರು ಇಲ್ಲದಿದ್ದರೆ ಅದು ಅವನ ಹಕ್ಕು. ಕೆಲಸ ಕೆಟ್ಟಿದೆ ಅಂತ ನೀವೂ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆ ಇದೆ, ಎರಡು ವರ್ಷದೊಳಗೆ ದೂರು ಕೊಡಬೇಕು, ಐದು ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನಿಮ್ಮ ಹತ್ತಿರ ಕಾಗದ ಏನಿದೆ?" ಇವರು ತಲೆ ತಗ್ಗಿಸಿದರು. ಕಾಗದ ಇವರ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇತ್ತು!

ಮದುವೆಯಾದಾಗಿನಿಂದ ನಾನು ದಿನದ ಖರ್ಚಿನ ಪುಸ್ತಕ ಬರೆಯುತ್ತೇನೆ. ಹಾಲು, ಸೊಪ್ಪು, ಅಗಸನ ಲೆಕ್ಕ, ಅದರ ಕೆಳಗೆ ಆ ದಿನದ ಒಂದು ಮಾತು. ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆದು ನೋಡಿದೆ. ಹದಿನೈದು ಸಾವಿರ ಬೀರುವಿನಿಂದ ಕೊಟ್ಟ ದಿನಾಂಕ ಸಿಕ್ಕಿತು. ಆದರೆ ಅದರ ಹಿಂದುಮುಂದಿನ ಪುಟಗಳಲ್ಲಿ ಬೇರೆಯೂ ಸಿಕ್ಕಿದವು. "ಗಾಡಿಯ ತಳ ಪೂರ್ತಿ ತುಕ್ಕಂತೆ. ಮೇಸ್ತ್ರಿ ಫೋನು. ಇವರು ಮಾಡಿ ಅಂದರು." ಇನ್ನೊಂದು ಕಡೆ: "ಬಣ್ಣದ ಕಾರ್ಡಿನಲ್ಲಿ ಇವರೇ ಆರಿಸಿ ಗುರುತು ಹಾಕಿದರು." ಸೀಟಿನ ರೆಕ್ಸಿನ್ ಆರಿಸಿದ್ದಂತೂ ನಾನೇ!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮಗೆ ಬೇಕಾದ ಒಂದು ಪುಟ ತೋರಿಸಿ ಉಳಿದವನ್ನು ಮುಚ್ಚಿಡಬಹುದಿತ್ತು. ಗಂಡನ ಮಾತಿಗೆ ಎದುರಾಗಿ ನನ್ನ ಕೈಬರಹವೇ ಸಾಕ್ಷಿ ಹೇಳುವುದೆಂದರೆ ಹೇಗೆ? ಆದರೆ ಅರ್ಧ ಲೆಕ್ಕವೂ ಸುಳ್ಳು ಲೆಕ್ಕವೇ ಅಲ್ಲವೇ? ಬೆಳಿಗ್ಗೆ ತಿಂಡಿಯಾದ ಮೇಲೆ ಪುಸ್ತಕವನ್ನು ಇವರ ಮುಂದೆ ಇಟ್ಟೆ. ಓದಿದರು. ಮುಖ ಕೆಂಪಾಯಿತು. "ನೀನು ಯಾರ ಕಡೆ?" ಎಂದರು. "ಅತ್ತೆಯ ಕಡೆ" ಎಂದೆ. ಆಮೇಲೆ ಅವರು ಮಾತಾಡಲಿಲ್ಲ. ಎದ್ದುಹೋಗಿ ಅಂಗಿ ಹಾಕಿಕೊಂಡು ಬಂದರು.

ಗ್ಯಾರೇಜಿನ ಹಿಂದೆಯೇ ಮೇಸ್ತ್ರಿಯ ಮನೆ. ಆಕೆ ಮಜ್ಜಿಗೆ ಕೊಟ್ಟು, "ಬನ್ನಿ ಅಕ್ಕಾ" ಎಂದು ಚಾಪೆ ಹಾಸಿದರು. ಅಲ್ಲಿಯ ಲೆಕ್ಕ ಬರೆಯುವವರೂ ಆಕೆಯೇ ಎಂದು ಆಗ ಗೊತ್ತಾಯಿತು! ಗಂಡಸರು ಹೊರಗೆ ಮುಖ ತಿರುಗಿಸಿ ನಿಂತಿದ್ದರು. ನಾವಿಬ್ಬರೂ ಎರಡು ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು ಕೂತೆವು. ಆ ಹದಿನೈದು ಸಾವಿರವನ್ನು ಇವರು ಕೊಟ್ಟಿದ್ದು ಕೆಲಸದ ಹುಡುಗನ ಕೈಗೆ. ಅವನೀಗ ಕೆಲಸ ಬಿಟ್ಟಿದ್ದಾನೆ. ಅದೇ ದಿನದ ಜೆ.ಸಿ. ರಸ್ತೆಯ ಸಾಮಾನಿನ ಬಿಲ್ಲು ಆಕೆಯ ಕಡತದಲ್ಲಿತ್ತು, ದುಡ್ಡು ಎಲ್ಲಿಂದ ಬಂತೆಂದು ಬರೆದಿರಲಿಲ್ಲ. "ಅಯ್ಯೋ, ಇದು ನಿಮ್ಮದೇ ಅಕ್ಕಾ" ಎಂದು ಆಕೆಯೇ ಒಪ್ಪಿದರು. ಹಾಗೇ ಇನ್ನೊಂದು ಮಾತನ್ನೂ ಹೇಳಿದರು: "ಒಂದೇ ಗಾಡಿ ವರ್ಷದ ಮೇಲೆ ಜಾಗ ಹಿಡಿದು ನಿಂತಿದೆ. ಬೇರೆ ಎರಡು ಗಾಡಿ ವಾಪಸ್ ಕಳಿಸಿದ್ವಿ. ಸಾರ್ ಬಂದು ಹೋದ ದಿನ ಇವರು ಊಟಾನೇ ಮಾಡ್ತಿರಲಿಲ್ಲ." ನನಗೆ ನಾಚಿಕೆಯಾಯಿತು.

ಕೊನೆಗೆ ನಾಲ್ವರೂ ಕೂತೆವು. ತುಕ್ಕಿನ 42,000, ಸೀಟಿನ 12,000 ಪೂರ್ತಿ ನಮ್ಮದು. ಎರಡನೇ ಬಣ್ಣಕ್ಕೆ ಮೇಸ್ತ್ರಿ ಕೂಲಿ ಬಿಟ್ಟು, ಸಾಮಾನಿನ 20,000 ಮಾತ್ರ ಸಾಕು ಎಂದರು. ಕ್ರೋಮ್ ಹೊಳಪು ನಾವು ಹೇಳದೆ ಮಾಡಿದ್ದು, ಆದರೂ ಗಾಡಿಗೆ ಕಳೆ ತಂದಿದ್ದು. ಅದರಲ್ಲಿ ಅರ್ಧ, 9,000. ಒಟ್ಟು 83,000. ಆಯಸ್ಕಾಂತ ಬಿದ್ದ ಬಾಗಿಲನ್ನು ಮೇಸ್ತ್ರಿ ತಲೆ ಕೆರೆದುಕೊಂಡು ಒಪ್ಪಿಕೊಂಡರು. ಪುಟ್ಟಿ ತೆಗೆದು ತಗಡು ಹಾಕಿ ಬಣ್ಣ ಹೊಡೆಯುವುದು ಅವರ ಖರ್ಚಿನಲ್ಲೇ. ಬಾಗಿಲಾದ ದಿನ 40,000, ಗಾಡಿ ತರುವ ದಿನ 43,000. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದರು.

ಗಾಡಿ ಬಂತು. ಅತ್ತೆಯನ್ನು ಕೈಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅವರು ಡ್ಯಾಶ್‌ಬೋರ್ಡನ್ನು ಸವರಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಬಣ್ಣ ಯಾಕೋ ಹೀಗೆ ಹೊಡೆಸಿದೆ? ಇದು ನಿಮ್ಮಪ್ಪ ಆಮೇಲೆ ಹೊಡೆಸಿದ ಬಣ್ಣ. ಮೊದಲು ತಂದಾಗ ಇನ್ನೂ ಬಿಳೀ ಇತ್ತಲ್ಲೋ" ಎಂದರು. ಅಂದರೆ ಮೇಸ್ತ್ರಿಯ ಮೊದಲ ಬಣ್ಣವೇ ಸರಿ! ನಮ್ಮವರು ನನ್ನ ಮುಖ ನೋಡಲಿಲ್ಲ. ಮನೆದೇವರ ತನಕ ಗಾಡಿ ಎಲ್ಲೂ ನಿಲ್ಲಲಿಲ್ಲ.

ಕಾರೇ ಆಗಲಿ, ಒಡವೆಯೇ ಆಗಲಿ, ಅಜ್ಜಿಯ ಕಾಲದ ಮಂಚವೇ ಆಗಲಿ, ಹಳೇ ವಸ್ತುವನ್ನು ರಿಪೇರಿಗೆ ಕೊಡುವ ಮುನ್ನ ಇಷ್ಟನ್ನು ಮರೆಯಬೇಡಿ:

1. ಏನೇನು ಕೆಲಸ, ಎಷ್ಟು ಹಣ, ಯಾವಾಗ ವಾಪಸ್ಸು ಎಂದು ಬರೆಸಿ, ಇಬ್ಬರೂ ರುಜು ಮಾಡಿ. ಕೊಡುವ ದಿನವೇ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ.

2. ಹೆಚ್ಚಿನ ಕೆಲಸ ಬಂದರೆ ಮೊದಲು ಕೇಳಿ, ಬರೆದು, ಆಮೇಲೆ ಮಾಡಲಿ. "ಮಾಡಿ ಮಾಡಿ" ಎಂದು ಫೋನಿನಲ್ಲಿ ಹೇಳಿ ಮರೆಯಬೇಡಿ. ಅಂದಾಜಿನ ಮೇಲೆ ಸ್ವಲ್ಪ ಹಣ ತೆಗೆದಿಟ್ಟಿರಿ.

3. ಹಣವನ್ನು ಕೆಲಸ ಮುಗಿದ ಹಾಗೆ ಕಂತಿನಲ್ಲಿ ಕೊಡಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

4. ಬಣ್ಣ, ಬಟ್ಟೆ ಆರಿಸುವಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಿ!

5. ಮಾತಿನಲ್ಲಿ ಬಗೆಹರಿಯದಿದ್ದರೆ 1915ಕ್ಕೆ ಫೋನು ಮಾಡಿ; ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ ಅದಕ್ಕೂ ಮುಂಚೆ ಒಮ್ಮೆ ಎದುರುಬದುರು ಕೂತು ಲೆಕ್ಕ ನೋಡಿ.

ಅಡಿಗೆಮನೆಯ ಗೂಡಿನಲ್ಲಿಟ್ಟ ಆ ಖರ್ಚಿನ ಪುಸ್ತಕವನ್ನು ನೋಡಿ, "ದಿನಾ ಏನು ಬರೀತೀಯೋ" ಎಂದು ನಮ್ಮವರು ನಗುತ್ತಿದ್ದರು. ಈಗ ಸಂಜೆ ಕಾಫಿಯ ಹೊತ್ತಿಗೆ ಅವರೇ ಕೇಳುತ್ತಾರೆ: "ಇವತ್ತಿನದು ಬರೆದೆಯೇನೇ?"