ಕೂಸಿನ ಅಳತೆಯ ಅಂಗಿ

ಮಲೆನಾಡಿನ ಸೆರಗಿಗೆ ಹೊಂದಿಕೊಂಡಿರುವ ಚಿಕ್ಕೇರೂರಿನ ಸೀಮೆಯಲ್ಲಿ, ಆಷಾಢದ ಜಿಟಿಜಿಟಿ ಮಳೆಗಾಗಲಿ ಮಾಗಿಯ ಚಳಿಗಾಗಲಿ ಎಲ್ಲರಿಗಿಂತ ಮೊದಲು ಸಜ್ಜಾಗಬೇಕಾದದ್ದು ಬಾಣಂತಿಯಿರುವ ಮನೆ. ಅಜ್ಜನ ಹಳೆಯ ಧೋತರವನ್ನು ಹರಿದು ಕುಂಚಿಗೆಯನ್ನೂ ಕುಲಾವಿಯನ್ನೂ ಹೊಲಿದು, ಸವೆದ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿಗೆ ದಾರವೆಳೆದು ಕೂಸುಗಳ ಮೈಯನ್ನು ಬೆಚ್ಚಗಿರಿಸಿದ ಹಿರಿಯ ಹೆಂಗಸರ ಕೈಗಳಿಗೆ ಹೆಣಿಗೆಯ ಕಡ್ಡಿಯೂ ಪರಕೀಯವಾಗಿ ಉಳಿದಿಲ್ಲ. ಆ ಕೈಗಳ ಕುಶಲತೆಯು ಸ್ವಂತ ಮನೆಯ ತೊಟ್ಟಿಲಿನಲ್ಲಿಯೇ ಮುಗಿಯದೆ, ಸರಕಾರಿ ಆಸ್ಪತ್ರೆಯಲ್ಲಿ ಜನಿಸುವ ಬಡವರ ಕೂಸುಗಳಿಗೂ ಒದಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಷ್ಟೇ ದೃಢವಾಗಿ ಹೇಳಬೇಕಾದ ಇನ್ನೊಂದು ಮಾತೆಂದರೆ, ದಾನಕ್ಕೆಂದು ಹೆಣೆಯುವ ಅಂಗಿಯು ಹೆಣೆಯುವವರ ಮನಸ್ಸಿಗೆ ಒಪ್ಪುವ ಮೊದಲು ತೊಡುವ ಕೂಸಿನ ಮೈಗೆ ಒಪ್ಪಬೇಕು.

ಸ್ವೆಟರು ಹೆಣೆಯಲು ಕುಳಿತಾಗ ನಮ್ಮ ಕಣ್ಣಮುಂದೆ ಸಾಮಾನ್ಯವಾಗಿ ಸುಳಿಯುವುದು ಆರು ತಿಂಗಳ, ಮೈತುಂಬಿದ ಮಗು. ಚಳಿಗೆ ಮೊದಲು ತುತ್ತಾಗುವುದಾದರೋ ಎರಡೂವರೆ ಕಿಲೋಗಿಂತ ಕಡಿಮೆ ತೂಕದ, ದಿನ ತುಂಬದೆ ಹುಟ್ಟಿದ ಕೂಸು. ಚರ್ಮದಡಿಯ ಕೊಬ್ಬು ಇನ್ನೂ ಕೂಡಿರದ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚಾಗಿರುವ ಅಂತಹ ಶಿಶುವು, 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕಾದ ದೇಹೋಷ್ಣತೆಯನ್ನು ಕಾಪಾಡಿಕೊಳ್ಳಲು ಹೆಣಗಿ, ಬೆಳೆಯಲು ಬೇಕಾದ ಶಕ್ತಿಯನ್ನು ಬೆಚ್ಚಗಿರುವುದಕ್ಕೇ ವೆಚ್ಚಮಾಡಿಬಿಡುತ್ತದೆ. ಒಂದೂವರೆ ಕಿಲೋ ತೂಗುವ ಕೂಸಿನ ತಲೆಯ ಸುತ್ತಳತೆ ಸುಮಾರು 28 ಸೆಂಟಿಮೀಟರು, ದೊಡ್ಡ ಮೂಸಂಬಿಗಿಂತ ತುಸುವೇ ಹೆಚ್ಚು. ಆ ತಲೆಗೆ ಆರು ತಿಂಗಳ ಮಗುವಿನ ಟೋಪಿಯನ್ನು ತೊಡಿಸಿದರೆ ಅದು ಕಣ್ಣನ್ನೂ ಮೂಗನ್ನೂ ಮುಚ್ಚಿ ಗದ್ದಕ್ಕಿಳಿಯುತ್ತದೆ. ಸ್ವೆಟರಿನ ತೋಳಿನೊಳಗೆ ಕೈ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ.

ಇಂತಹ ಕೂಸುಗಳನ್ನು ಬೆಚ್ಚಗಿರಿಸಲೆಂದೇ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಕಾವುಪೆಟ್ಟಿಗೆಗಳ ಅಭಾವವಿದ್ದ ಕಾಲದಲ್ಲಿ, ಡಾ. ಎಡ್ಗರ್ ರೇ ಅವರು 1978ರಲ್ಲಿ ತಾಯಿಯ ಎದೆಗೆ ಕೂಸನ್ನು ಬರಿಮೈಗೆ ಬರಿಮೈ ತಾಗುವಂತೆ ಕಟ್ಟುವ ಕ್ರಮವನ್ನು ಆರಂಭಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಅದನ್ನು ವ್ಯಾಪಕವಾಗಿ ಆಚರಣೆಗೆ ತರುವ ಪ್ರಯೋಗ ನಡೆದಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1.8 ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಪೈಕಿ ಹುಟ್ಟಿದೊಡನೆ ಈ ಆರೈಕೆ ದೊರೆತವುಗಳಲ್ಲಿ 28 ದಿನಗಳೊಳಗಿನ ಮರಣವು ಶೇಕಡ 12 ಇದ್ದರೆ, ಸ್ಥಿತಿ ಸುಧಾರಿಸಿದ ಬಳಿಕವಷ್ಟೇ ದೊರೆತವುಗಳಲ್ಲಿ ಶೇಕಡ 15.7 ಇತ್ತು. ಈ ಆರೈಕೆಯಲ್ಲಿರುವ ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಸಾಕು. ಕೋಣೆಯ ಉಷ್ಣತೆ 22 ಡಿಗ್ರಿಗಿಂತ ಇಳಿದಾಗ ಮಾತ್ರ ತೋಳಿಲ್ಲದ, ಮುಂದೆ ತೆರೆದ ಹತ್ತಿಯ ಅಂಗಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ.

ಆದುದರಿಂದ ಟೋಪಿ ಮೊದಲು, ಅಂಗಿ ಆಮೇಲೆ. ಅಂಗಿಗೆ ತೋಳು ಬೇಡ. ಗುಂಡಿಯ ಬದಲು ಕಸೆ ಇರಲಿ. ಎಳೆಯ ಬೆರಳು ಸಿಕ್ಕಿಕೊಳ್ಳುವ ಜಾಲರಿ ಹೆಣಿಗೆ ಸಲ್ಲದು. ನಮ್ಮ ಜಿಲ್ಲೆಯದೇ ಆದ ಮೇಡ್ಲೇರಿ ಊರಿನ ಕಂಬಳಿಯ ಮೇಲೆ ನನಗೆ ಅಪಾರ ಗೌರವವಿದ್ದರೂ ಆ ಉಣ್ಣೆಯ ಒರಟುತನವನ್ನು ಹಸುಗೂಸಿನ ಚರ್ಮ ತಾಳದು. ಒಗೆದಷ್ಟೂ ಮೃದುವಾಗುವ ಹತ್ತಿಯ ನೂಲೇ ಲೇಸು, ಹತ್ತಿ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಅದನ್ನು ಬಳಸಲು ಹಿಂಜರಿಯಬೇಕಾಗಿಯೂ ಇಲ್ಲ.

ಈ ಅಗತ್ಯವನ್ನು ಸರಕಾರವೂ ಮನಗಂಡಿತ್ತು. 2007ರಲ್ಲಿ ಆರಂಭಿಸಿದ ‘ಮಡಿಲು’ ಯೋಜನೆಯ 19 ವಸ್ತುಗಳ ಕಿಟ್ಟಿನಲ್ಲಿ ಕೂಸಿನ ಸ್ವೆಟರು, ಟೋಪಿ, ಕಾಲುಚೀಲಗಳೂ ಇದ್ದವು. ಅದರ ಜೊತೆಗೆ ಊರಿನವರು ಮಾಡಬಹುದಾದದ್ದು ಬಹಳವಿದೆ. ಆದರೆ ವೇದಿಕೆ ಕಟ್ಟಿ, ಹಸಿ ಬಾಣಂತಿಯರನ್ನು ಸಾಲಾಗಿ ಕೂರಿಸಿ, ಛಾಯಾಚಿತ್ರಕ್ಕಾಗಿ ಕೂಸನ್ನು ಗಾಳಿಗೊಡ್ಡುವ ದಾನವನ್ನು ನಾನು ಒಪ್ಪಲಾರೆ. ಹೆರಿಗೆಯ ಬಳಿಕ 3ನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಮನೆಗೆ ಬಂದು ಕೂಸನ್ನು ತೂಗಿ ನೋಡುವ ಆಶಾ ಕಾರ್ಯಕರ್ತೆಗೆ, ಯಾರ ಮನೆಯ ಕೂಸು ಎಷ್ಟು ಸಣ್ಣದೆಂಬುದು ತಿಳಿದಿರುತ್ತದೆ. ಚಿಕ್ಕೇರೂರಿನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಆಕೆಯನ್ನೂ ಆಸ್ಪತ್ರೆಯ ದಾದಿಯರನ್ನೂ ಕೇಳಿ ಅಳತೆ ಬರೆದುಕೊಂಡು, ಮಳೆ ಹಿಡಿಯುವ ಮೊದಲೇ ಎರಡು ಅಳತೆಯ ಟೋಪಿಗಳನ್ನು ಹೆಣೆದು, ಒಗೆದು, ಬಿಸಿಲಿಗೆ ಒಣಗಿಸಿ ಆಕೆಯ ಚೀಲದಲ್ಲಿರಿಸಲಿ; ತಾಲೂಕು ಆಸ್ಪತ್ರೆಯವರೂ ತಮಗೆ ಬೇಕಾದ ಅಳತೆಗಳನ್ನು ಹೆರಿಗೆ ವಾರ್ಡಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಚ್ಚಲಿ.