ಸಂಭಾವನೆಯ ಮಾತು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗದ ಗದ್ದೆಗಳನ್ನು ಮುಟ್ಟುವುದೋ ಇಲ್ಲವೋ ಎಂಬುದು ಮಾನ್ವಿ ತಾಲ್ಲೂಕಿನ ರೈತನಿಗೆ ಸದಾ ಚಿಂತೆಯ ವಿಷಯ. ‘ನೀರು ಬರುತ್ತದೆ’ ಎಂಬಲ್ಲಿ ಅವನ ನಂಬಿಕೆಯಿದೆ. ‘ಬರಬಹುದು’ ಎಂಬಲ್ಲಿ ಸಾಧ್ಯತೆಯಿದೆ. ‘ಬಂದೀತು’ ಎಂಬಲ್ಲಿ ಸಂಶಯದೊಡನೆ ಬೆರೆತ ಆಸೆಯಿದೆ. ‘ಬರಲಾರದು’ ಎಂಬಲ್ಲಿ ನಿರಾಶೆಯಿದೆ. ‘ಬಂದೀತು’ ಎಂಬಂಥ ರೂಪವನ್ನೇ ನಮ್ಮ ವ್ಯಾಕರಣವು ಸಂಭಾವನಾರ್ಥಕವೆಂದು ಕರೆಯುತ್ತದೆ. ಓದುಬರಹ ಅರಿಯದವನೂ ಇವುಗಳನ್ನು ಅಳೆದು ತೂಗಿ ಆಡಬಲ್ಲನು.

ಆ ರೈತನ ಮಗನು ಕಾಲೇಜಿನಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿತನೆನ್ನೋಣ. ಅವನು ತಪ್ಪಿಲ್ಲದೆ ವಾಕ್ಯಗಳನ್ನು ರಚಿಸುತ್ತಾನೆ. ಆದರೂ ಮಾತಿಗೆ ನಿಂತಾಗ ‘ವಿಲ್’, ‘ಕ್ಯಾನ್’, ‘ಮಸ್ಟ್’ ಎಂಬ ಮೂರೇ ಪದಗಳು ಅವನ ನಾಲಗೆಗೆ ಬರುತ್ತವೆ. ‘ಮೈಟ್’, ‘ಕುಡ್’, ‘ವುಡ್’ ಎಂಬುವು ಪುಸ್ತಕದಲ್ಲಿಯೇ ಉಳಿಯುತ್ತವೆ. ಮನೆಯಲ್ಲಿ ಅಷ್ಟು ಸೂಕ್ಷ್ಮವಾಗಿ ನುಡಿಯುವವನು ಇಲ್ಲಿ ಎಲ್ಲವನ್ನೂ ಖಂಡಿತವಾಗಿ ನುಡಿಯುವವನಂತೆ ತೋರುತ್ತಾನೆ.

ಇದಕ್ಕೆ ಕಾರಣಗಳುಂಟು. ನಮ್ಮ ‘ಬೇಕು’ ಎಂಬ ಒಂದೇ ಪದವು ಬಯಕೆ, ಅಗತ್ಯ, ಕರ್ತವ್ಯಗಳೆಲ್ಲವನ್ನೂ ಹೊರುತ್ತದೆ. ‘ತಾವು ನನಗೆ ಒಂದು ದಿನ ರಜೆ ಕೊಡಬೇಕು’ ಎಂಬುದು ಕನ್ನಡದಲ್ಲಿ ವಿನಂತಿ. ಅದನ್ನೇ ‘ಯು ಮಸ್ಟ್ ಗಿವ್’ ಎಂದರೆ ಅಪ್ಪಣೆಯಾಗುತ್ತದೆ. ಕನ್ನಡದಲ್ಲಿ ‘ನೀವು’, ತೆಲುಗಿನಲ್ಲಿ ‘ಮೀರು’, ಉರ್ದುವಿನಲ್ಲಿ ‘ಆಪ್’ ಎಂಬ ಸರ್ವನಾಮಗಳೇ ಗೌರವವನ್ನು ಸೂಚಿಸುತ್ತವೆ. ಮಾನ್ವಿಯ ಸಂತೆಯಲ್ಲಿ ಈ ಮೂರು ನುಡಿಗಳನ್ನೂ ಕೇಳಿ ಬೆಳೆದವನಿಗೆ ಈ ರೀತಿಯೇ ಸಹಜ. ಇಂದಿನ ಇಂಗ್ಲಿಷಿನಲ್ಲಾದರೋ ಹಿರಿಯರಿಗೂ ಕಿರಿಯರಿಗೂ ‘ಯು’ ಒಂದೇ. ಆದುದರಿಂದ ವಿನಯದ ಭಾರವನ್ನು ಬಹುಮಟ್ಟಿಗೆ ‘ಕುಡ್’, ‘ವುಡ್’ಗಳೇ ಹೊರಬೇಕಾಗುತ್ತದೆ. ಆದರೆ ತರಗತಿಯಲ್ಲಿ ‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲವೆಂದು ಪಟ್ಟಿಯಲ್ಲಿ ಕಂಠಪಾಠವಾಗಿರುತ್ತದೆ. ಭೂತಕಾಲದ ಪದದಿಂದ ನಾಳಿನ ಸಹಾಯವನ್ನು ಬೇಡಬಹುದೆಂಬುದು ವಿದ್ಯಾರ್ಥಿಗೆ ಹೊಳೆಯುವುದಾದರೂ ಹೇಗೆ?

ಮೊದಲು ವ್ಯಾಕರಣ ಶುದ್ಧವಾಗಲಿ, ಈ ಸೂಕ್ಷ್ಮಗಳು ತಾವಾಗಿಯೇ ಬಂದಾವು ಎಂದು ಕೆಲವರು ಹೇಳುವರು. ನಾನು ಇದನ್ನು ಒಪ್ಪಲಾರೆ. ವ್ಯಾಕರಣದ ತಪ್ಪನ್ನು ಕೇಳುಗನು ಕಲಿಕೆಯ ಕೊರತೆಯೆಂದು ಮನ್ನಿಸುತ್ತಾನೆ. ಶುದ್ಧವಾದ ಇಂಗ್ಲಿಷಿನಲ್ಲಿ ಕೇಳಿಬಂದ ಒರಟುತನವನ್ನು ಸ್ವಭಾವದ ದೋಷವೆಂದೇ ಎಣಿಸುತ್ತಾನೆ. ಚೆನ್ನಾಗಿ ಕಲಿತವನಿಗೇ ಇದರಿಂದ ಹೆಚ್ಚಿನ ಹಾನಿ. ಕೆಲಸವನ್ನು ಅರಸಿ ಸಂದರ್ಶನಕ್ಕೆ ಹೋದ ವಿನಯವಂತನೊಬ್ಬನು ಒಂದು ‘ಮಸ್ಟ್’ನಿಂದ ಗರ್ವಿಷ್ಠನೆನಿಸಿಕೊಳ್ಳಬಹುದು.

ಇದಕ್ಕೆ ಪರಿಹಾರವು ದೂರದಲ್ಲಿಲ್ಲ. ‘ನೀರು ಬಂದೀತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವಿರಿ ಎಂದು ಉಪಾಧ್ಯಾಯರು ಕೇಳಲಿ. ‘ವಿಲ್’ ಎಂದವನಿಗೆ ‘ಅಷ್ಟು ಖಚಿತವೇ?’ ಎಂದು ಮರುಪ್ರಶ್ನೆ ಹಾಕಲಿ. ಆಗ ‘ಮೈಟ್’ ಎಂಬ ಪದದ ಅಗತ್ಯವು ವಿದ್ಯಾರ್ಥಿಗೆ ತಾನಾಗಿಯೇ ತೋರುವುದು. ತಾಯ್ನುಡಿಯಲ್ಲಿ ಈಗಾಗಲೇ ಇರುವ ವಿವೇಕವನ್ನು ಮರೆಯದೆ ಕಲಿತರೆ ಪರಭಾಷೆಯಲ್ಲಿಯೂ ತಿಳಿದಷ್ಟನ್ನೇ, ತಕ್ಕ ವಿನಯದಿಂದ ನುಡಿಯುವುದು ಸಾಧ್ಯವಾದೀತು.