ಮನೆವಾರ್ತೆ: ಗುಳಿಗೆಯ ಡಬ್ಬಿ, ಗಣಕದ ಬೀಗ

ಕಳೆದ ಸಂಚಿಕೆಯ ತರುವಾಯ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಈ ಸಲ ವಾಚಕರ ಮುಂದಿಡುತ್ತೇವೆ. ನಮ್ಮ ತಪ್ಪು ನಿಮ್ಮ ಮನೆಗೆ ಪಾಠವಾದರೆ ಅಷ್ಟೇ ಲಾಭ.

ಡೊಂಬಿವಲಿಯಲ್ಲಿ ನಮ್ಮೊಡನಿರುವ ಅಣ್ಣನವರಿಗೆ ಈಗ 74. ಮುಂಬಯಿಗೆ ಬಂದಂದಿನಿಂದ ನಿವೃತ್ತಿಯವರೆಗೆ ಲೆಕ್ಕಪತ್ರದಲ್ಲೇ ಕೈ ಪಳಗಿದವರು. ಹಾಲಿನ ಲೆಕ್ಕದಿಂದ ಹಿಡಿದು ತಾವು ನುಂಗುವ ಗುಳಿಗೆಯವರೆಗೆ ಎಲ್ಲವನ್ನೂ ಗಣಕದಲ್ಲಿ ಬರೆದಿಡುತ್ತಾರೆ. ಗುಳಿಗೆಗಳನ್ನು ಮಾತ್ರ ಬಿಡಿಸಿ, ಏಳು ಮನೆಯ ಡಬ್ಬಿಗೆ ತುಂಬಿ, ಹೆಸರಿದ್ದ ಪೊಟ್ಟಣವನ್ನು ಎಸೆದುಬಿಡುವರು.

ಒಂದು ಗುರುವಾರ ಅವರಿಗೆ ವಾಂತಿ, ತಡೆಯಲಾರದ ಬಾಯಾರಿಕೆ, ಮಂಪರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ಡಾಕ್ಟರು ಕ್ಯಾಲ್ಸಿಯಂ ಮಿತಿಮೀರಿದೆ ಎಂದು ಹೇಳಿ, "ಏನೇನು ಔಷಧ ತೆಗೆದುಕೊಳ್ಳುತ್ತಾರೆ?" ಎಂದರು. "ರಕ್ತದೊತ್ತಡದ್ದು ಒಂದೇ" ಎಂದರು ಅತ್ತಿಗೆ. ಅವರು ಸುಳ್ಳಾಡಲಿಲ್ಲ. ವಿಟಮಿನ್ನು, ಕ್ಯಾಲ್ಸಿಯಂ ಇವನ್ನೆಲ್ಲ ನಮ್ಮ ಮನೆಗಳಲ್ಲಿ ಔಷಧವೆಂದು ಎಣಿಸುವವರಾರು? ಅವು ಶಕ್ತಿಗೆ ತಾನೆ!

ಡಬ್ಬಿ ತರಿಸಿದೆವು, ಗುಳಿಗೆಗಳಿಗೆ ಹೆಸರಿಲ್ಲ. ಗಣಕ ತೆರೆಯಹೋದರೆ, ಹಿಂದಿನ ವಾರವಷ್ಟೇ ರಿಪೇರಿಯಾಗಿ ಬಂದಿದ್ದ ಅದು 48 ಅಂಕೆಗಳ ಕೀಲಿ ಕೇಳುತ್ತ ನಿಂತಿತು. ಪಾಸ್‌ವರ್ಡು ಅತ್ತಿಗೆಗೆ ಗೊತ್ತಿತ್ತು. ಈ ಕೀಲಿಯ ಹೆಸರನ್ನೂ ನಾವು ಕೇಳಿರಲಿಲ್ಲ. ಪುಣೆಯಲ್ಲಿರುವ ಅಣ್ಣನ ಮಗ, "ಚಿಕ್ಕಪ್ಪ, ಅಪ್ಪನ ಖಾತೆಯಲ್ಲಿ ಕೀಲಿ ಇರಬೇಕು, ಬೇರೆ ಗಣಕದಿಂದ ನೋಡಿ" ಎಂದ. ಖಾತೆಯನ್ನು ತೆರೆಯುವ ಸಂಕೇತವೋ, ಎಂದೋ ಬಿಟ್ಟುಬಿಟ್ಟ ಫೋನ್ ನಂಬರಿಗೆ ಹೋಯಿತು!

ಡಾಕ್ಟರು ಕಾಯಲಿಲ್ಲ, ಎಲ್ಲ ಗುಳಿಗೆ ನಿಲ್ಲಿಸಿ ಸಲೈನ್ ಹಚ್ಚಿದರು. ಇತ್ತ ಅತ್ತಿಗೆ ಕಪಾಟು ಶೋಧಿಸಿ, ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಅಣ್ಣನವರೇ ಮಡಚಿಟ್ಟಿದ್ದ ಹಾಳೆ ಕಂಡುಹಿಡಿದರು. 48 ಅಂಕೆ ಅಲ್ಲಿದ್ದವು. ಗಣಕ ತೆರೆಯಿತು, ಗುಟ್ಟೂ ತೆರೆಯಿತು. ವಾರಕ್ಕೊಂದರಂತೆ ಎಂಟು ವಾರಕ್ಕೆಂದು ಬರೆದುಕೊಟ್ಟಿದ್ದ 60,000 ಯೂನಿಟ್ಟಿನ ಡಿ ವಿಟಮಿನ್ನನ್ನು ಅವರು ನಾಲ್ಕು ತಿಂಗಳಿಂದ ದಿನಕ್ಕೊಂದರಂತೆ ನುಂಗುತ್ತಿದ್ದರು. ಜೊತೆಗೆ ಎರಡು ಕ್ಯಾಲ್ಸಿಯಂ. ಮಂಡಿನೋವು ಬೇಗ ಹೋಗಲೆಂಬ ಆಸೆ! ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಯಸ್ಕರಿಗೆ ಹೇಳಿರುವುದು ದಿನಕ್ಕೆ 600 ಯೂನಿಟ್. ಇದು ಅದರ ನೂರರಷ್ಟಾಯಿತು. ಹೆಚ್ಚಾದ ಡಿ ವಿಟಮಿನ್ ಮೂತ್ರದಲ್ಲಿ ಹೋಗಿಬಿಡದೆ ದೇಹದ ಕೊಬ್ಬಿನಲ್ಲಿ ಕೂಡುತ್ತದೆ. ಆದುದರಿಂದಲೇ ರಕ್ತ ಹದಕ್ಕೆ ಬರಲು ವಾರಗಳೇ ಹಿಡಿದವು.

ಇದರಿಂದ ನಾವು ಕಲಿತದ್ದಿಷ್ಟು. ಡಾಕ್ಟರು ಕೇಳಿದಾಗ ಶಕ್ತಿಯ ಗುಳಿಗೆ, ಪುಡಿ, ಲೇಹ್ಯ ಎಲ್ಲವನ್ನೂ ಹೇಳತಕ್ಕದ್ದು. ಥೈರಾಯ್ಡಿನ ಮಾತ್ರೆ ನುಂಗುವವರು ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೆ ನಾಲ್ಕು ತಾಸು ಬಿಡುವು ಕೊಡಬೇಕು; ಇಲ್ಲವಾದರೆ ಅದು ಮೈಗೆ ಹತ್ತದು. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ರಕ್ತಪರೀಕ್ಷೆಗೆ ಮುಂಚೆ ಹೇಳಬೇಕು; ಅದು ಥೈರಾಯ್ಡಿನ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಇನ್ನು ಗಣಕ. ಹೀಗೆ ಬೀಗ ಬಿದ್ದ ಗಣಕವನ್ನು ಕೀಲಿಯಿಲ್ಲದೆ ತೆರೆದುಕೊಡುತ್ತೇವೆಂಬ ಅಂಗಡಿಯವರು ಅಳಿಸಿ ಹೊಸದಾಗಿ ಮಾಡಿಯಾರೇ ಹೊರತು ಒಳಗಿನ ಬರಹ ಉಳಿಸಲಾರರು. ಆದಕಾರಣ ಇಂದೇ ಕೀಲಿಯನ್ನು ಕಾಗದದ ಮೇಲಿಳಿಸಿ ಕಪಾಟಿನಲ್ಲಿಡಿ. ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ. ಫೋನಿನಲ್ಲಿ ಕೇಳಿದ ಅಪರಿಚಿತರಿಗೆ ಮಾತ್ರ ಬೇಡ. ನಂಬರು ಬದಲಾದಾಗ ಖಾತೆಯಲ್ಲೂ ಬದಲಿಸಿ. ಊರು ಬಿಟ್ಟು ಬಂದ ನಮಗೆ ಹೊತ್ತಿಗಾಗುವ ನೆಂಟರು ದೂರ. ಕಳ್ಳನಿಗೆಂದು ಹಾಕಿದ ಬೀಗ ಮನೆಯವರಿಗೇ ಬಿದ್ದರೆ ಗತಿಯೇನು?

ಅಣ್ಣನವರು ಈಗ ಮನೆಯಲ್ಲಿ ಕ್ಷೇಮವಾಗಿದ್ದಾರೆ. ಡಬ್ಬಿಯ ಮುಚ್ಚಳಕ್ಕೆ ಗುಳಿಗೆಗಳ ಪಟ್ಟಿ ಅಂಟಿದೆ. ಅಕ್ಷರ ಮಾತ್ರ ಅತ್ತಿಗೆಯದು.